ಸಹಾಯ ಬೇಕು: ಎಲ್‌ಇಡಿ ಪ್ಯಾನಲ್ ಲೈಟಿಗೆ ಬರೀ ಡ್ರೈವರ್ ಎಲ್ಲಿ ಸಿಗುತ್ತದೆ?

ಎಲ್ಲರಿಗೂ ನಮಸ್ಕಾರ. ನಮ್ಮ ಹಾಲ್‌ನ ಫಾಲ್ಸ್ ಸೀಲಿಂಗಿನಲ್ಲಿರುವ 15 ವ್ಯಾಟ್‌ನ ದುಂಡು ಪ್ಯಾನಲ್ ಲೈಟ್ ಕೆಟ್ಟಿದೆ. ಮೊದಲು ಮಿಣಮಿಣ ಅನ್ನುತ್ತಿತ್ತು, ಆಮೇಲೆ ಪೂರ್ತಿ ಆರಿಹೋಯಿತು. ಮೇನ್ ಆಫ್ ಮಾಡಿ, ಸ್ಪ್ರಿಂಗ್ ಕ್ಲಿಪ್ ಹಿಡಿದು ಕೆಳಗಿಳಿಸಿ, ಪಕ್ಕದ ಲೈಟಿನ ಡ್ರೈವರಿಗೆ (ಮನೆಯ ಕರೆಂಟನ್ನು ಎಲ್‌ಇಡಿಗೆ ತಕ್ಕಂತೆ ಬದಲಿಸಿ ಕೊಡುವ ಡಬ್ಬಿ) ಸಿಕ್ಕಿಸಿ ನೋಡಿದೆ. ಚೆನ್ನಾಗಿ ಉರಿಯಿತು! ಅಂದರೆ ಪ್ಯಾನಲ್ ಸರಿಯಿದೆ, ಹೋಗಿರುವುದು ಡ್ರೈವರ್ ಮಾತ್ರ, ಅಲ್ವಾ?

ಕೆಟ್ಟಿರುವ ಡ್ರೈವರಿನ ಪುಟ್ಟ ಬಿಳಿ ಡಬ್ಬಿಯ ಮೇಲೆ ಔಟ್‌ಪುಟ್ 300 ಎಂಎ (ಮಿಲಿಆಂಪಿಯರ್), 36–54 ವೋಲ್ಟ್ ಡಿಸಿ ಎಂದಿದೆ. ಅಂಗಡಿಯವರು ‘ಸೆಟ್ಟೇ ಬದಲಾಯಿಸಿ’ ಅನ್ನುತ್ತಾರೆ. ಆದರೆ ಅವರ ಹತ್ತಿರ ಇರುವ ಲೈಟಿನ ಅಳತೆ ಬೇರೆ, ಸೀಲಿಂಗ್ ಮತ್ತೆ ಕೊರೆಯಬೇಕು. ಬೆಳಕಿನ ಬಣ್ಣವೂ ಉಳಿದ ಲೈಟುಗಳಿಗೆ ಹೊಂದುವುದಿಲ್ಲ. ಚೆನ್ನಾಗಿರುವ ಪ್ಯಾನಲನ್ನು ಸುಮ್ನೆ ಕಸಕ್ಕೆ ಹಾಕಲು ನನಗಂತೂ ಮನಸ್ಸಿಲ್ಲ.

ಎಂಎ ಅಷ್ಟೇ ಇರಬೇಕು, ಜಾಸ್ತಿಯಾದರೆ ಎಲ್‌ಇಡಿ ಬಿಸಿಯಾಗಿ ಬೇಗ ಹೋಗುತ್ತದೆ ಎಂದು ಗೊತ್ತು. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಇಂಥ ಡ್ರೈವರ್ ಬಿಡಿಯಾಗಿ ಕೊಡುತ್ತಾರಾ? ಸರ್ಜ್ (ವೋಲ್ಟೇಜ್ ದಿಢೀರನೆ ಏರುವುದು) ತಡೆಯುವಂಥದ್ದು ಯಾವುದು ಒಳ್ಳೆಯದು? ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋಗಿ ಬರುವುದು ತುಂಬ. ಬಳಸಿ ನೋಡಿದವರು ದಯವಿಟ್ಟು ತಿಳಿಸಿ.