ಸಹಾಯ ಬೇಕು: ‘ಡು ಯು ಮೈಂಡ್’ ಅಂದರೆ ಯೆಸ್ ಅನ್ನಬೇಕಾ, ನೋ ಅನ್ನಬೇಕಾ?

ಇಂಗ್ಲಿಷ್ ಓದಲು, ಬರೆಯಲು ನನಗೆ ತೊಂದರೆಯಿಲ್ಲ. ಮಾತಿಗೆ ನಿಂತರೆ ಮಾತ್ರ ಎಡವುತ್ತೇನೆ. ಮೊನ್ನೆ ಸಹೋದ್ಯೋಗಿಯೊಬ್ಬರು ಕಿಟಕಿ ಹತ್ತಿರ ನಿಂತು, ‘ಡು ಯು ಮೈಂಡ್ ಇಫ್ ಐ ಓಪನ್ ದಿಸ್?’ ಅಂದರು. ಧಾರಾಳವಾಗಿ ತೆಗೀಲಿ ಅಂತ ‘ಯೆಸ್, ಯೆಸ್’ ಅಂದೆ. ಅವರು ಚಿಲಕದ ಮೇಲಿಟ್ಟ ಕೈ ತೆಗೆದು, ‘ಸಾರಿ’ ಅಂತ ಹೋಗಿ ಕೂತರು!

ನಿಘಂಟು ನೋಡಿದೆ. ಇಲ್ಲಿ ‘ಮೈಂಡ್’ ಅಂದರೆ ಮನಸ್ಸಲ್ಲ, ಬೇಜಾರು ಮಾಡಿಕೊಳ್ಳುವುದು. ಹಾಗಾದರೆ ಒಪ್ಪಿಗೆಗೆ ‘ನೋ’ ಅನ್ನಬೇಕು, ಸರಿ. ಆದರೆ ವಿಡಿಯೋಗಳಲ್ಲಿ ಇದೇ ಪ್ರಶ್ನೆಗೆ ‘ಶ್ಯೂರ್, ಗೋ ಅಹೆಡ್’ ಅಂತಾರೆ. ಅದೂ ‘ಯೆಸ್’ ಥರಾನೇ ಅಲ್ವಾ? ‘ನಾಟ್ ಅಟ್ ಆಲ್’ ಅನ್ನೋಣ ಅಂದರೆ ನನ್ನ ಬಾಯಲ್ಲಿ ಪಾಠ ಒಪ್ಪಿಸಿದ ಹಾಗಿರುತ್ತದೆ.

ದಿನಾ ಇಂಗ್ಲಿಷ್ ಮಾತಾಡುವವರು ಹೇಳಿ: ಎದುರಿನವರಿಗೆ ಗೊಂದಲ ಆಗದ ಹಾಗೆ ಇದಕ್ಕೆ ಒಪ್ಪಿಗೆ ಕೊಡಲು ನೀವು ಏನಂತೀರಿ?