ಮೂರು ಕಂಪ್ಯೂಟರ್, ಒಂದೇ ಕೀಬೋರ್ಡ್-ಮೌಸ್-ಮಾನಿಟರ್: ಕೆವಿಎಂ ಸ್ವಿಚ್ ಕೊಳ್ಳಬೇಕೇ, ಬೇರೆ ದಾರಿ ಇದೆಯೇ?

ತುಂಗಾತೀರ:

ಮೇಜಿನ ಮೇಲೆ ಮೂರು ಯಂತ್ರಗಳಿವೆ. ಉಬುಂಟು ಹಾಕಿರುವ ಡೆಸ್ಕ್‌ಟಾಪ್ (ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ, ಬೂಟ್ ಆಗುವಾಗಲೇ ಪಾಸ್‌ವರ್ಡ್ ಕೇಳುತ್ತದೆ), ಎಮ್1 ಮ್ಯಾಕ್ ಮಿನಿ, ಮತ್ತು ಆಫೀಸಿನ ವಿಂಡೋಸ್ 11 ಲ್ಯಾಪ್‌ಟಾಪ್. ಲ್ಯಾಪ್‌ಟಾಪ್‌ನಲ್ಲಿ ಯಾವ ಸಾಫ್ಟ್‌ವೇರನ್ನೂ ಹಾಕುವಂತಿಲ್ಲ. ಮಾನಿಟರ್ 27 ಇಂಚಿನದು, 1440ಪಿ, 144 ಹರ್ಟ್ಸ್. ಹಿಂದೆ ಒಂದು ಡಿಸ್‌ಪ್ಲೇಪೋರ್ಟ್, ಎರಡು ಎಚ್‌ಡಿಎಮ್‌ಐ ಇವೆ. ಡೆಸ್ಕ್‌ಟಾಪ್‌ನಲ್ಲಿ 144 ಹರ್ಟ್ಸ್ ಬಿಟ್ಟುಕೊಡಲು ಇಷ್ಟವಿಲ್ಲ. ಉಳಿದ ಎರಡಕ್ಕೆ 60 ಸಾಕು. ಅಂಗಡಿಗಳಲ್ಲಿ '4ಕೆ ಕೆವಿಎಂ' (ಕೀಬೋರ್ಡ್, ಮೌಸ್, ಚಿತ್ರ ಮೂರನ್ನೂ ಒಟ್ಟಿಗೆ ಬದಲಿಸುವ ಸ್ವಿಚ್) ಎಂದು ಅಗ್ಗದ ಪೆಟ್ಟಿಗೆಗಳು ಸಿಗುತ್ತಿವೆ. ಅವು ಈ ಕೆಲಸಕ್ಕೆ ಆಗುತ್ತವೆಯೇ? ಕನ್ನಡದಲ್ಲಿ ಟೈಪ್ ಮಾಡುವ ಕೆಲಸ ಮೂರರಲ್ಲೂ ಇದೆ.

ತಂತಿಗಂಟು:

ಪೆಟ್ಟಿಗೆಯ ಮೇಲೆ '4ಕೆ' ಎಂದು ಬರೆದಿದ್ದರೆ ಪಕ್ಕದಲ್ಲಿ 30 ಹರ್ಟ್ಸ್ ಇದೆಯೋ 60 ಇದೆಯೋ ಎಂದು ಮೊದಲು ನೋಡಿ. 30 ಎಂದಿದ್ದರೆ ಅದು ಎಚ್‌ಡಿಎಮ್‌ಐ 1.4. ಅದರ ಒಟ್ಟು ವೇಗ ಸೆಕೆಂಡಿಗೆ 10.2 ಗಿಗಾಬಿಟ್, ಚಿತ್ರಕ್ಕೆ ಸಿಗುವುದು 8 ಚಿಲ್ಲರೆ ಮಾತ್ರ. 1440ಪಿ, 144 ಹರ್ಟ್ಸ್‌ಗೆ ಸುಮಾರು 14 ಗಿಗಾಬಿಟ್ ಬೇಕು. ಎಚ್‌ಡಿಎಮ್‌ಐ 2.0 ಇದ್ದರೆ ಚಿತ್ರಕ್ಕೆ 14.4 ಸಿಗುತ್ತದೆ, ಅಂದರೆ ಕಂಠದವರೆಗೆ ತುಂಬಿದ ಹಾಗೆ. ಕೇಬಲ್ ಸ್ವಲ್ಪ ಕಳಪೆಯಾದರೂ ಪರದೆ ಮಿನುಗುತ್ತದೆ, ಕಪ್ಪಾಗುತ್ತದೆ. ಡಿಸ್‌ಪ್ಲೇಪೋರ್ಟ್ 1.2 ಆದರೆ 17.28, ನೆಮ್ಮದಿ.

ಇಷ್ಟಾದರೂ ಡಿಸ್‌ಪ್ಲೇಪೋರ್ಟ್ ಕೆವಿಎಂನಲ್ಲಿ ಇನ್ನೊಂದು ತೊಡಕಿದೆ. ಮಾನಿಟರ್ ತನ್ನ ಅಳತೆ, ಹರ್ಟ್ಸ್ ಎಲ್ಲವನ್ನೂ ಇಡಿಐಡಿ ಎಂಬ ಪುಟ್ಟ ಮಾಹಿತಿಯ ರೂಪದಲ್ಲಿ ಕಂಪ್ಯೂಟರ್‌ಗೆ ತಿಳಿಸುತ್ತದೆ. ಸಾದಾ ಸ್ವಿಚ್ ಬದಲಿಸಿದಾಗ ಆ ಮಾತುಕತೆ ಕಡಿದುಹೋಗುತ್ತದೆ, ಕಂಪ್ಯೂಟರ್ ಮಾನಿಟರನ್ನೇ ಕಿತ್ತರು ಎಂದುಕೊಳ್ಳುತ್ತದೆ. ಮರಳಿ ಬಂದಾಗ ತೆರೆದಿಟ್ಟ ಕಿಟಕಿಗಳೆಲ್ಲ ಮೂಲೆ ಸೇರಿರುತ್ತವೆ, ಕೆಲವೊಮ್ಮೆ ರೆಸಲ್ಯೂಷನ್ನೂ ಇಳಿದಿರುತ್ತದೆ. ಇದನ್ನು ತಡೆಯಲು 'ಇಡಿಐಡಿ ಎಮ್ಯುಲೇಷನ್' ಇರುವ ಪೆಟ್ಟಿಗೆ ಬೇಕು. ಅದು ಸುಪ್ತವಾಗಿರುವ ಪೋರ್ಟ್‌ಗಳಿಗೂ 'ಮಾನಿಟರ್ ಇಲ್ಲೇ ಇದೆ' ಎಂದು ಹೇಳುತ್ತಲೇ ಇರುತ್ತದೆ. ಎಚ್‌ಡಿಎಮ್‌ಐಯಲ್ಲಿ ಇದು ಸುಲಭ. ಡಿಸ್‌ಪ್ಲೇಪೋರ್ಟ್‌ನಲ್ಲಿ ಎರಡೂ ತುದಿಗಳು ಪ್ರತಿ ಸಲ ಹೊಸದಾಗಿ ಮಾತಾಡಿಕೊಂಡು ವೇಗ ಗೊತ್ತುಮಾಡಬೇಕಾದ್ದರಿಂದ ಕಷ್ಟ. ಅಗ್ಗದವುಗಳಲ್ಲಿ ಈ ಸೌಲಭ್ಯ ಇರುವುದಿಲ್ಲ.

ನಿಮ್ಮದು 60 ಹರ್ಟ್ಸ್ ಮಾನಿಟರ್ ಆಗಿದ್ದರೆ ಎಚ್‌ಡಿಎಮ್‌ಐ 2.0 ಕೆವಿಎಂ ತಗೊಳ್ಳಿ ಎಂದು ಧೈರ್ಯವಾಗಿ ಹೇಳುತ್ತಿದ್ದೆ. ಈಗ ಇರುವ ಸ್ಥಿತಿಯಲ್ಲಿ ಬೇಡ.

ಪೆಂಗ್ವಿನ್ ಹಟ್ಟಿ:

ತಂತಿಗಂಟು ಅವರ ಮಾತಿಗೆ ನನ್ನದೂ ಸೈ. ಮಾನಿಟರ್‌ನಲ್ಲೇ ಮೂರು ಇನ್‌ಪುಟ್ ಇರುವಾಗ ಚಿತ್ರವನ್ನು ಇನ್ನೊಂದು ಪೆಟ್ಟಿಗೆಯೊಳಗೆ ಹಾಯಿಸುವುದೇ ಬೇಡ. ಮೂರಕ್ಕೂ ನೇರ ಕೇಬಲ್ ಎಳೆಯಿರಿ: ಡೆಸ್ಕ್‌ಟಾಪ್ ಡಿಸ್‌ಪ್ಲೇಪೋರ್ಟ್‌ಗೆ, ಮ್ಯಾಕ್ ಮತ್ತು ಲ್ಯಾಪ್‌ಟಾಪ್ ಎಚ್‌ಡಿಎಮ್‌ಐಗೆ. ಬದಲಿಸಬೇಕಾದ್ದು ಯುಎಸ್‌ಬಿ ಮಾತ್ರ. ಅದಕ್ಕೆ ನಾಲ್ಕು ಕಂಪ್ಯೂಟರ್‌ಗಳ ಯುಎಸ್‌ಬಿ ಶೇರಿಂಗ್ ಸ್ವಿಚ್ ಸಾಕು, ಕೆವಿಎಂಗಿಂತ ಬಹಳ ಅಗ್ಗ. ಕೀಬೋರ್ಡ್, ಮೌಸ್‌ಗೆ ಯುಎಸ್‌ಬಿ 2.0 ಆದರೂ ನಡೆಯುತ್ತದೆ. 5 ವೋಲ್ಟ್ ಅಡಾಪ್ಟರ್ ಹಾಕಲು ತೂತು ಇರುವುದನ್ನೇ ಆರಿಸಿ. ಬಣ್ಣದ ದೀಪಗಳ ಕೀಬೋರ್ಡ್, ವೆಬ್‌ಕ್ಯಾಮ್ ಎರಡೂ ಒಂದು ಪೋರ್ಟಿನ 500 ಮಿಲಿಆಂಪ್ ಮೇಲೆ ಕೂತರೆ ಆಗಾಗ ಕಳಚಿಕೊಳ್ಳುತ್ತವೆ.

ಇನ್ನು ಮಾನಿಟರ್‌ನ ಇನ್‌ಪುಟ್ ತಾನಾಗಿ ಬದಲಾಗುವ ವಿಷಯ. ವಿಡಿಯೋ ಕೇಬಲ್‌ನಲ್ಲೇ ಡಿಡಿಸಿ/ಸಿಐ ಎಂಬ ದಾರಿ ಇದೆ, ಅದರ ಮೂಲಕ ಕಂಪ್ಯೂಟರ್ ಮಾನಿಟರ್‌ಗೆ ಆಜ್ಞೆ ಕೊಡಬಹುದು. ಮೊದಲು ಮಾನಿಟರ್ ಮೆನುವಿನಲ್ಲಿ ಡಿಡಿಸಿ/ಸಿಐ ಆನ್ ಮಾಡಿ, 'ಆಟೋ ಸೋರ್ಸ್' ಆಫ್ ಮಾಡಿ. ಆಟೋ ಆನ್ ಇದ್ದರೆ ನೀವು ಕಳಿಸಿದ ಆಜ್ಞೆಯ ಮೇಲೆ ಮಾನಿಟರ್ ತನ್ನದೇ ತೀರ್ಮಾನ ಹೇರುತ್ತದೆ.

ಉಬುಂಟುವಿನಲ್ಲಿ ಆ ಆಜ್ಞೆಗಳನ್ನು ಕಳಿಸುವ ಡಿಡಿಸಿಯುಟಿಲ್ ಎಂಬ ಪ್ರೋಗ್ರಾಂ ಹಾಕಿ, ಅದಕ್ಕೆ ಬೇಕಾದ ಐ2ಸಿ-ಡೆವ್ ಎಂಬ ಕರ್ನಲ್ ಮಾಡ್ಯೂಲ್ ಲೋಡ್ ಆಗಿದೆಯೇ ನೋಡಿ. ಅದರ 'ಡಿಟೆಕ್ಟ್' ಆಜ್ಞೆಗೆ ಮಾನಿಟರ್ ಹೆಸರು ಬಂದರೆ ದಾರಿ ಸರಿಯಿದೆ. 'ಕೇಪಬಿಲಿಟೀಸ್' ಕೊಟ್ಟರೆ ನಿಮ್ಮ ಮಾನಿಟರ್ ಒಪ್ಪುವ ಕೋಡ್‌ಗಳ ಪಟ್ಟಿ ಬರುತ್ತದೆ. ಇನ್‌ಪುಟ್ ಆಯ್ಕೆಯ ಕೋಡ್ ಹೆಕ್ಸ್ 60. ಅದಕ್ಕೆ ಕೊಡುವ ಅಂಕಿ (ದಶಮಾನದಲ್ಲಿ) ಸಾಮಾನ್ಯವಾಗಿ ಡಿಸ್‌ಪ್ಲೇಪೋರ್ಟ್ 1ಕ್ಕೆ 15, ಎಚ್‌ಡಿಎಮ್‌ಐ 1ಕ್ಕೆ 17, ಎಚ್‌ಡಿಎಮ್‌ಐ 2ಕ್ಕೆ 18. ಕೆಲವು ತಯಾರಕರು ತಮ್ಮದೇ ಅಂಕಿ ಬಳಸುತ್ತಾರೆ, ಹಾಗಾಗಿ ಪಟ್ಟಿ ನೋಡದೆ ಹಾಕಬೇಡಿ.

ಇದನ್ನೆಲ್ಲ ಯುಎಸ್‌ಬಿ ಸ್ವಿಚ್‌ಗೆ ಜೋಡಿಸಲು 'ಡಿಸ್‌ಪ್ಲೇ ಸ್ವಿಚ್' ಎಂಬ ಉಚಿತ ಪ್ರೋಗ್ರಾಂ ಇದೆ. ನಿಮ್ಮ ಕೀಬೋರ್ಡಿನ ಯುಎಸ್‌ಬಿ ಗುರುತು ಸಂಖ್ಯೆ ಕೊಟ್ಟು, ಅದು ಬಂದಾಗ ಯಾವ ಇನ್‌ಪುಟ್, ಹೋದಾಗ ಯಾವ ಇನ್‌ಪುಟ್ ಎಂದು ಬರೆದಿಟ್ಟರೆ ಆಯಿತು. ಗುಂಡಿ ಒತ್ತಿದಾಗ ಕೀಬೋರ್ಡಿನ ಜೊತೆಗೇ ಚಿತ್ರವೂ ಹೊರಳುತ್ತದೆ.

ತುಂಗಾತೀರ:

ತುಂಬಾ ಉಪಕಾರವಾಯಿತು. ಆದರೆ ಲ್ಯಾಪ್‌ಟಾಪ್‌ನಲ್ಲಿ ಆ ಪ್ರೋಗ್ರಾಂ ಹಾಕುವ ಹಾಗಿಲ್ಲವಲ್ಲ, ಅಲ್ಲಿಂದ ಹೊರಗೆ ಬರುವುದು ಹೇಗೆ? ಒಂದೇ ಕೀಬೋರ್ಡ್-ಮೌಸನ್ನು ಹಲವು ಯಂತ್ರಗಳಿಗೆ ಹಂಚುವ ಬ್ಯಾರಿಯರ್ ತರಹದ ಸಾಫ್ಟ್‌ವೇರ್ ಡೆಸ್ಕ್‌ಟಾಪ್, ಮ್ಯಾಕ್ ನಡುವೆಯಾದರೂ ಉಪಯೋಗವೇ?

ಪೆಂಗ್ವಿನ್ ಹಟ್ಟಿ:

ಇದು ನಿಮ್ಮ ಮಾನಿಟರ್‌ನ ಗುಣದ ಮೇಲೆ ನಿಂತಿದೆ. ಕೆಲವು ಮಾನಿಟರ್‌ಗಳು ಪರದೆಯ ಮೇಲಿಲ್ಲದ ಇನ್‌ಪುಟ್‌ನಿಂದ ಬಂದ ಆಜ್ಞೆಯನ್ನೂ ಕೇಳುತ್ತವೆ, ಹಲವು ಕೇಳುವುದಿಲ್ಲ. ಪರೀಕ್ಷೆ ಸುಲಭ. ಡೆಸ್ಕ್‌ಟಾಪ್‌ನ ಟರ್ಮಿನಲ್‌ನಲ್ಲಿ 20 ಸೆಕೆಂಡು ಕಾದು ಇನ್‌ಪುಟ್ 15ಕ್ಕೆ ಬದಲಿಸುವ ಆಜ್ಞೆ ಕೊಡಿ. ಅಷ್ಟರಲ್ಲಿ ಮಾನಿಟರ್ ಗುಂಡಿಯಿಂದ ಎಚ್‌ಡಿಎಮ್‌ಐಗೆ ಹೋಗಿ ಕಾಯಿರಿ. ಚಿತ್ರ ತಾನಾಗಿ ಡೆಸ್ಕ್‌ಟಾಪ್‌ಗೆ ಮರಳಿದರೆ ಅದೃಷ್ಟ ನಿಮ್ಮದು, ಲ್ಯಾಪ್‌ಟಾಪ್‌ನಿಂದ ಹೊರಗೆ ಬರಲು ಡೆಸ್ಕ್‌ಟಾಪ್‌ನಲ್ಲಿ 'ಕೀಬೋರ್ಡ್ ಬಂದಾಗ' ಎಂಬ ನಿಯಮವೊಂದೇ ಸಾಕು.

ಮರಳದಿದ್ದರೆ 'ಹೋದಾಗ' ನಿಯಮ ಬಳಸಬೇಕು. ಒಂದೇ ಗುಂಡಿಯ ಯುಎಸ್‌ಬಿ ಸ್ವಿಚ್‌ಗಳು 1, 2, 3 ಎಂದು ಸರದಿಯಲ್ಲೇ ಸುತ್ತುತ್ತವೆ. ಡೆಸ್ಕ್‌ಟಾಪ್ 1ಕ್ಕೆ, ಮ್ಯಾಕ್ 2ಕ್ಕೆ, ಲ್ಯಾಪ್‌ಟಾಪ್ 3ಕ್ಕೆ ಹಾಕಿ. ಡೆಸ್ಕ್‌ಟಾಪ್‌ನಿಂದ ಕೀಬೋರ್ಡ್ ಹೋದರೆ ಮ್ಯಾಕ್‌ನ ಇನ್‌ಪುಟ್, ಮ್ಯಾಕ್‌ನಿಂದ ಹೋದರೆ ಲ್ಯಾಪ್‌ಟಾಪ್‌ನ ಇನ್‌ಪುಟ್ ಎಂದು ಬರೆಯಿರಿ. ಲ್ಯಾಪ್‌ಟಾಪ್‌ನಿಂದ ಡೆಸ್ಕ್‌ಟಾಪ್‌ಗೆ ಬರುವಾಗ ಮಾತ್ರ ಮಾನಿಟರ್ ಗುಂಡಿ ಒತ್ತಬೇಕು. ನಾಲ್ಕು ಪೋರ್ಟಿನ ಸ್ವಿಚ್‌ನಲ್ಲಿ ಖಾಲಿ ಇರುವ 4ನೆಯದನ್ನು ಅದು ತಾನಾಗಿ ದಾಟುವುದೋ ಇಲ್ಲವೋ ಕೊಳ್ಳುವಾಗ ಕೇಳಿ. ದಾಟದಿದ್ದರೆ ಒಂದು ಒತ್ತು ಹೆಚ್ಚು, ಅಷ್ಟೇ.

ಮ್ಯಾಕ್ ವಿಷಯದಲ್ಲಿ ಒಂದು ಎಚ್ಚರಿಕೆ. ಎಮ್1 ಮಿನಿಯ ಎಚ್‌ಡಿಎಮ್‌ಐ ಪೋರ್ಟಿನಿಂದ ಡಿಡಿಸಿ ಕಳಿಸುವುದು ತಕರಾರು. ಟೈಪ್-ಸಿಯಿಂದ ಎಚ್‌ಡಿಎಮ್‌ಐಗೆ ಹೋಗುವ ಕೇಬಲ್ ಬಳಸಿ.

ಬ್ಯಾರಿಯರ್ ನಿಮಗೆ ಹೊಂದುವುದಿಲ್ಲ. ಅದು, ಅದೇ ಬಗೆಯ ಇನ್‌ಪುಟ್ ಲೀಪ್, ಡೆಸ್ಕ್‌ಫ್ಲೋ ಎಲ್ಲವೂ ಕೀಬೋರ್ಡ್, ಮೌಸ್ ಮಾತನ್ನು ನೆಟ್‌ವರ್ಕಿನಲ್ಲಿ (ಟಿಸಿಪಿ ಪೋರ್ಟ್ 24800) ಕಳಿಸುತ್ತವೆ, ಚಿತ್ರವನ್ನಲ್ಲ. ಪ್ರತಿ ಯಂತ್ರಕ್ಕೂ ಅದರದೇ ಪರದೆ ಇದ್ದಾಗ ಅವು ಸೊಗಸು. ಒಂದೇ ಪರದೆಯಿದ್ದರೆ ಮೌಸ್ ಅಂಚು ದಾಟಿ ಕಾಣದ ಕಡೆ ಹೋಗಿಬಿಡುತ್ತದೆ. ಮೇಲಾಗಿ ನಿಮ್ಮ ಡಿಸ್ಕ್ ಪಾಸ್‌ವರ್ಡ್ ಕೇಳುವ ಹೊತ್ತಿಗೆ ಉಬುಂಟು ಇನ್ನೂ ಎದ್ದಿರುವುದೇ ಇಲ್ಲ, ಅಲ್ಲಿ ನಿಜವಾದ ಯುಎಸ್‌ಬಿ ಕೀಬೋರ್ಡೇ ಬೇಕು.

ಕಗಪ ಬಳಗ:

ಕನ್ನಡದ ಮಾತು ಯಾರೂ ಎತ್ತಲಿಲ್ಲ. ಯುಎಸ್‌ಬಿ ಸ್ವಿಚ್ ಬಳಸಿದಾಗ ಕೀಲಿವಿನ್ಯಾಸ ಆಯಾ ಕಂಪ್ಯೂಟರ್‌ನದೇ ಆಗಿರುತ್ತದೆ, ಹಾಗಾಗಿ ವಿಂಡೋಸ್, ಮ್ಯಾಕ್‌ಗಳಲ್ಲಿ ನೀವು ಒಮ್ಮೆ ಇಟ್ಟದ್ದು ಹಾಗೇ ಉಳಿಯುತ್ತದೆ. ಉಬುಂಟುವಿನಲ್ಲಿ ಎಕ್ಸ್11 (ಪರದೆ, ಕೀಬೋರ್ಡ್ ನೋಡಿಕೊಳ್ಳುವ ಹಳೆಯ ವ್ಯವಸ್ಥೆ) ಸೆಷನ್ ಇದ್ದು, ಸೆಟ್‌ಎಕ್ಸ್‌ಕೆಬಿಮ್ಯಾಪ್ ಆಜ್ಞೆಯಿಂದ ಕಗಪ ವಿನ್ಯಾಸ ಹಾಕಿಕೊಳ್ಳುವ ಅಭ್ಯಾಸವಿದ್ದರೆ ತೊಂದರೆ ಬರುತ್ತದೆ. ಸ್ವಿಚ್ ಒತ್ತಿದಾಗಲೆಲ್ಲ ಉಬುಂಟು ಪಾಲಿಗೆ ಹಳೆಯ ಕೀಬೋರ್ಡ್ ಹೋಗಿ ಹೊಸದೊಂದು ಬಂದ ಲೆಕ್ಕ. ಹೊಸದಕ್ಕೆ ಸಿಸ್ಟಂನ ಮೂಲ ವಿನ್ಯಾಸ ಸಿಗುತ್ತದೆ, ಕಗಪ ಮಾಯವಾಗುತ್ತದೆ. ಕ್ಯಾಪ್ಸ್‌ಲಾಕನ್ನು ಕಂಟ್ರೋಲ್ ಮಾಡಿಕೊಂಡಿದ್ದರೆ ಅದೂ ಹೋಗುತ್ತದೆ. ವಿನ್ಯಾಸವನ್ನು ಡೆಸ್ಕ್‌ಟಾಪ್‌ನ ಸೆಟ್ಟಿಂಗ್ಸ್‌ನಲ್ಲೋ, ಇಟಿಸಿ ಫೋಲ್ಡರ್‌ನ ಡಿಫಾಲ್ಟ್ ಒಳಗಿರುವ ಕೀಬೋರ್ಡ್ ಫೈಲ್‌ನಲ್ಲೋ ಬರೆದಿಡಿ. ಲೇಔಟ್ 'ಇನ್', ವೇರಿಯಂಟ್ 'ಕಾನ್-ಕಗಪ'. ಐಬಸ್ (ಲಿನಕ್ಸ್‌ನಲ್ಲಿ ಭಾಷೆಗಳನ್ನು ಟೈಪ್ ಮಾಡುವ ಸಾಧನ) ಮೂಲಕ ಬರೆಯುವವರಿಗೆ ಕನ್ನಡದ ವಿನ್ಯಾಸ ಹೀಗೆ ಮಾಯವಾಗುವುದಿಲ್ಲ.

ಮುಂದೆಂದಾದರೂ ಇನ್‌ಪುಟ್ ಲೀಪ್ ಬಳಸುವವರಿಗೂ ಒಂದು ಮಾತು: ಕೀಬೋರ್ಡ್ ಇರುವ ಯಂತ್ರವನ್ನು ಇಂಗ್ಲಿಷ್ ವಿನ್ಯಾಸದಲ್ಲೇ ಬಿಟ್ಟು, ಕನ್ನಡಕ್ಕೆ ಆಚೆಯ ಯಂತ್ರದಲ್ಲಿ ಬದಲಿಸಿಕೊಳ್ಳಿ. ಅದು ಒತ್ತಿದ ಕೀಲಿ ಯಾವ ಅಕ್ಷರದ್ದು ಎಂಬುದನ್ನು ಕಳಿಸುವುದರಿಂದ, ಎರಡೂ ಕಡೆ ಕನ್ನಡ ಇಟ್ಟರೆ ಒತ್ತುಗಳು ಅಡ್ಡಾದಿಡ್ಡಿಯಾಗುತ್ತವೆ.

ಮೂರನೇ ಪಿನ್:

ಕೇಬಲ್ ಚುಚ್ಚುವ ಮೊದಲು ಅರ್ಥಿಂಗ್ ನೋಡಿ, ದಯವಿಟ್ಟು ಇದನ್ನು ಕಡೆಗಣಿಸಬೇಡಿ. ಮೂರು ಯಂತ್ರಗಳನ್ನು ಒಂದೇ ಮಾನಿಟರ್‌ಗೆ, ಒಂದೇ ಯುಎಸ್‌ಬಿ ಸ್ವಿಚ್‌ಗೆ ಕಟ್ಟಿದಾಗ ಅವುಗಳ ಲೋಹದ ಮೈಗಳೆಲ್ಲ ಕೇಬಲ್ ಕವಚದ ಮೂಲಕ ಒಂದಾಗುತ್ತವೆ. ಅರ್ಥ್ ಇಲ್ಲದ ಪಾಯಿಂಟ್‌ನಲ್ಲಿ ಡೆಸ್ಕ್‌ಟಾಪ್ ಇದ್ದರೆ, ಎಸ್‌ಎಂಪಿಎಸ್ (ಪವರ್ ಸಪ್ಲೈ) ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದಾಗಿ ಕ್ಯಾಬಿನೆಟ್ ಮೇಲೆ ಮೇನ್ಸ್‌ನ ಅರ್ಧದಷ್ಟು, ಅಂದರೆ 115 ವೋಲ್ಟ್ ಸುತ್ತ, ತೇಲುತ್ತಿರುತ್ತದೆ. ಕರೆಂಟ್ ಕಡಿಮೆ, ಮುಟ್ಟಿದರೆ ಜುಮ್ ಎನ್ನುತ್ತದೆ. ಆದರೆ ಎಚ್‌ಡಿಎಮ್‌ಐ ಚುಚ್ಚುವ ಕ್ಷಣದಲ್ಲಿ ಅದು ಸಿಗ್ನಲ್ ಪಿನ್ನಿನ ಮೂಲಕ ಹರಿದರೆ ಪೋರ್ಟ್ ಸುಡಲು ಅಷ್ಟೇ ಸಾಕು.

ಮಲ್ಟಿಮೀಟರ್ ಎಸಿಯಲ್ಲಿಟ್ಟು ಸಾಕೆಟ್ ಅಳೆಯಿರಿ. ಫೇಸ್ ಮತ್ತು ಅರ್ಥ್ ನಡುವೆ ಸುಮಾರು 230, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು-ಮೂರು ವೋಲ್ಟ್ ಒಳಗೆ ಇರಬೇಕು. ಫೇಸ್-ಅರ್ಥ್ ನೂರರ ಆಸುಪಾಸಿನಲ್ಲಿ ಓಲಾಡುತ್ತಿದ್ದರೆ ಅರ್ಥ್ ತಂತಿ ಎಲ್ಲೋ ತುಂಡಾಗಿದೆ, ಎಲೆಕ್ಟ್ರಿಷಿಯನ್ ಕರೆಸಿ. ಎಲ್ಲವನ್ನೂ ಒಂದೇ ಮೂರು ಪಿನ್ನಿನ ಸ್ಪೈಕ್ ಗಾರ್ಡ್‌ನಿಂದಲೋ ಒಂದೇ ಯುಪಿಎಸ್‌ನಿಂದಲೋ ಕೊಡಿ. ಮೊದಲ ಸಲ ಜೋಡಿಸುವಾಗ ಎಲ್ಲವನ್ನೂ ಆಫ್ ಮಾಡಿ, ಕೇಬಲ್‌ಗಳನ್ನೆಲ್ಲ ಹಾಕಿ, ಆಮೇಲೆ ಸ್ವಿಚ್ ಹಾಕಿ.

ಉದ್ದದ ಲೆಕ್ಕ: ಡಿಸ್‌ಪ್ಲೇಪೋರ್ಟ್ ಕೇಬಲ್ 2 ಮೀಟರ್ ಮೀರಿಸಬೇಡಿ, ಯುಎಸ್‌ಬಿ 2.0 ಒಟ್ಟು 5 ಮೀಟರ್ ಒಳಗಿರಲಿ. ವೈರ್‌ಲೆಸ್ ಮೌಸ್‌ನ ಡಾಂಗಲ್ ಇದ್ದರೆ ಅದನ್ನು ಯುಎಸ್‌ಬಿ 3.0 ಪೋರ್ಟಿನ ಪಕ್ಕ ಚುಚ್ಚಬೇಡಿ, ಆ ಪೋರ್ಟ್‌ಗಳ ಗದ್ದಲ 2.4 ಗಿಗಾಹರ್ಟ್ಸ್ ಸುತ್ತಲೇ ಇರುವುದರಿಂದ ಮೌಸ್ ತಡವರಿಸುತ್ತದೆ. ಅರ್ಧ ಮೀಟರ್ ಎಕ್ಸ್‌ಟೆನ್ಷನ್ ಹಾಕಿ ಮೇಜಿನ ಮೇಲೆ ತನ್ನಿ. ಆಫೀಸ್ ಲ್ಯಾಪ್‌ಟಾಪ್ ಇರುವುದರಿಂದ ಆ ಸ್ವಿಚ್‌ಗೆ ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್ ಹಾಕಲೇಬೇಡಿ. ಗುಂಡಿ ಒತ್ತಿದ ತಕ್ಷಣ ಅವೂ ಆಫೀಸ್ ಯಂತ್ರಕ್ಕೆ ಸೇರಿಬಿಡುತ್ತವೆ, ಬರೆಯುವ ಮಧ್ಯೆ ಕಿತ್ತ ಹಾಗಾಗಿ ಫೈಲ್‌ಗಳೂ ಕೆಡುತ್ತವೆ.