ಕಡಿಮೆ ದುಡ್ಡಲ್ಲಿ ಮ್ಯಾಕ್ರೋ: ತೋಟದ ಹುಳ, ಪದವಿನ ಹೂ ತೆಗೆಯಲು ಯಾವ ಲೆನ್ಸ್?

ಕಾಸರಗೋಡಿನ ಬದಿಯಡ್ಕದಿಂದ ಪ್ರಶ್ನೆ:

ನನ್ನ ಹತ್ತಿರ ಕ್ಯಾನನ್ 1500ಡಿ ಉಂಟು. ಅದರ ಜೊತೆಗೇ ಬಂದ 18-55 ಮತ್ತು 55-250 ಲೆನ್ಸ್ ಎರಡೂ ಇವೆ. ತೋಟದ ಜೇಡ, ಚಗಳಿ ಇರುವೆ, ಮಳೆಗಾಲದಲ್ಲಿ ಪದವಿನಲ್ಲಿ (ಮುರಕಲ್ಲಿನ ಬಯಲಿನಲ್ಲಿ) ಅರಳುವ ಸಣ್ಣ ಸಣ್ಣ ಹೂ, ಇಂಥದ್ದನ್ನೆಲ್ಲ ಹತ್ತಿರದಿಂದ, ಮ್ಯಾಕ್ರೋ ಅಂತಾರಲ್ಲ ಹಾಗೆ ದೊಡ್ಡದಾಗಿ ತೆಗೆಯಬೇಕು ಅಂತ ಆಸೆ. 15,000 ರೂಪಾಯಿ ದಾಟುವ ಹಾಗಿಲ್ಲ. ಅಂಗಡಿಯಲ್ಲಿ ಕೇಳಿದರೆ 100 ಎಂಎಂ ಮ್ಯಾಕ್ರೋ ತಗೊಳ್ಳಿ ಅಂತಾರೆ, ಅದು ನನ್ನ ಕೈಗೆ ಎಟಕುವುದಿಲ್ಲ. ಬಳಸಿದವರು ಅನುಭವ ಹೇಳಿ, ಉಪಕಾರವಾಗುತ್ತದೆ.

ಪೆರ್ಲದಿಂದ:

ಲೆನ್ಸಿನ ಹೆಸರು ಆಮೇಲೆ ಹೇಳುತ್ತೇನೆ. ಮೊದಲು ಒಂದು ಮಾತು. ಇರುವ ದುಡ್ಡನ್ನೆಲ್ಲ ಲೆನ್ಸಿಗೇ ಹಾಕಬೇಡಿ, ಅರ್ಧ ಬೆಳಕಿಗೆ ಇಟ್ಟುಕೊಳ್ಳಿ. ನಮ್ಮ ಕಡೆ ಮ್ಯಾಕ್ರೋ ಫೋಟೋ ಹಾಳಾಗುವುದು ಹೆಚ್ಚಾಗಿ ಬೆಳಕು ಸಾಲದೆ. ಮೇಲೆ ಅಡಿಕೆ ಸೋಗೆ, ಅದರ ಕೆಳಗೆ ಬಾಳೆ, ಕೊಕ್ಕೋ, ಮರಕ್ಕೆ ಹಬ್ಬಿದ ಒಳ್ಳೆಮೆಣಸು. ಮಧ್ಯಾಹ್ನ ಹನ್ನೆರಡಕ್ಕೂ ಅಲ್ಲಿ ಕತ್ತಲೆ ಕತ್ತಲೆ. ಆಷಾಢದಲ್ಲಂತೂ ಕೇಳುವುದೇ ಬೇಡ.

ಯಾಕೆ ಅಂತ ಸ್ವಲ್ಪ ಲೆಕ್ಕ ಹೇಳುತ್ತೇನೆ, ಬೇಸರ ಮಾಡಬೇಡಿ, ಇದು ಗೊತ್ತಾದರೆ ಉಳಿದದ್ದೆಲ್ಲ ಸಲೀಸು. ನಿಮ್ಮ ಕ್ಯಾಮೆರಾದ ಸೆನ್ಸರ್ ಅಗಲ 22.3 ಮಿ.ಮೀ. ಲೆನ್ಸಿನಲ್ಲಿ 1:1 ಅಂತ ಇದ್ದರೆ, ಸುಮಾರು 22 ಮಿ.ಮೀ. ಉದ್ದದ ಹುಳ ಫೋಟೋದ ಈ ತುದಿಯಿಂದ ಆ ತುದಿವರೆಗೆ ತುಂಬುತ್ತದೆ ಅಂತ ಅರ್ಥ. ಅಷ್ಟು ಹತ್ತಿರ ಹೋದಾಗ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಎಫ್ 8ಕ್ಕೆ ಕಿರಿದು ಮಾಡಿ ಇಟ್ಟರೂ ಸ್ಪಷ್ಟವಾಗಿ ಬರುವ ಪದರ 1 ಮಿ.ಮೀ. ಕೂಡ ಇರುವುದಿಲ್ಲ. ಜೇಡದ ಕಣ್ಣು ಬಂದರೆ ಹೊಟ್ಟೆ ಮಸುಕು. ಹಾಗಾಗಿ ಇನ್ನೂ ಕಿರಿದಾದ ಎಫ್ 11ಕ್ಕೆ ಹೋಗಲೇಬೇಕು, ಬೆಳಕು ಇನ್ನೂ ಕಡಿಮೆ. ಅದರ ಮೇಲೆ ಇನ್ನೊಂದು ಪೆಟ್ಟು: ನಿಜವಾದ ಮ್ಯಾಕ್ರೋ ಲೆನ್ಸ್ ಆಗಲಿ, ಲೆನ್ಸಿನ ಹಿಂದೆ ಹಾಕುವ ಟ್ಯೂಬ್ ಆಗಲಿ, 1:1 ಮುಟ್ಟುವ ಹೊತ್ತಿಗೆ ಹತ್ತಿರಹತ್ತಿರ ಎರಡು ಸ್ಟಾಪ್ ಬೆಳಕು ತಿಂದುಹಾಕುತ್ತದೆ. ಅಂದರೆ ಮಾಮೂಲಿ ಫೋಟೋಗೆ ಬೇಕಾದದ್ದರ ನಾಲ್ಕು ಪಾಲು ಬೆಳಕು ಬೇಕು. ಗಾಳಿಗೆ ಎಲೆ ಅಲ್ಲಾಡುತ್ತಿರುತ್ತದೆ, ಶಟರ್ ನಿಧಾನ ಮಾಡುವ ಹಾಗಿಲ್ಲ. ಎಷ್ಟು ದುಬಾರಿ ಲೆನ್ಸ್ ಹಾಕಿದರೂ ಈ ಲೆಕ್ಕ ಬದಲಾಗುವುದಿಲ್ಲ, ಫ್ಲ್ಯಾಶ್ ಬೇಕೇ ಬೇಕು.

ಈಗ ಲೆನ್ಸಿಗೆ ಬರುವಾ. ನೀವು ಹೊಸ ಲೆನ್ಸ್ ತಗೊಳ್ಳಬೇಕಾಗಿಲ್ಲ ಮಾರಾಯ್ರೆ. ನಿಮ್ಮ 55-250 ಇದೆಯಲ್ಲ, ಅದರ ಮುಂದೆ ರೇನಾಕ್ಸ್ ಡಿಸಿಆರ್-250 ಹಾಕಿ. ಇದು ಲೆನ್ಸಿನ ಬಾಯಿಗೆ ಒತ್ತಿ ಸಿಕ್ಕಿಸುವ ಸಣ್ಣ ಗಾಜು, ಶಕ್ತಿ 8 ಡಯಾಪ್ಟರ್ (ಕನ್ನಡಕದ ಪವರ್ ಹೇಳುವ ಅದೇ ಅಳತೆ). ಫಿಲ್ಟರ್ ಅಳತೆ 52ರಿಂದ 67 ಎಂಎಂ ಇರುವ ಲೆನ್ಸಿಗೆಲ್ಲ ಕೂರುತ್ತದೆ, ನಿಮ್ಮದು 58. 250ಕ್ಕೆ ಝೂಮ್ ಮಾಡಿ ಫೋಕಸ್ ಅನಂತಕ್ಕೆ (ತೀರಾ ದೂರಕ್ಕೆ) ಇಟ್ಟರೆ ಸುಮಾರು 2:1 ಸಿಗುತ್ತದೆ, ಅಂದರೆ 11 ಮಿ.ಮೀ. ಹುಳ ಫ್ರೇಮ್ ತುಂಬುತ್ತದೆ. ದೊಡ್ಡ ದುಡ್ಡಿನ ಮ್ಯಾಕ್ರೋ ಲೆನ್ಸ್‌ಗಳಲ್ಲಿ ಹೆಚ್ಚಿನವು 1:1ಕ್ಕೇ ನಿಲ್ಲುತ್ತವೆ, ನೆನಪಿಡಿ. 125ರ ಹತ್ತಿರ ಝೂಮ್ ಇಟ್ಟರೆ 1:1. ಅದಕ್ಕಿಂತ ತುಂಬ ಕೆಳಗೆ ಬಂದರೆ ಮೂಲೆಗಳು ಕಪ್ಪಾಗುತ್ತವೆ, ಗಾಜು ಸಣ್ಣದಲ್ವಾ. ಝೂಮ್ ಎಷ್ಟೇ ಇರಲಿ ಹುಳಕ್ಕೂ ಗಾಜಿಗೂ ನಡುವೆ ಸುಮಾರು 12 ಸೆಂ.ಮೀ. ಜಾಗ ಇರುತ್ತದೆ. ಇದು ತುಂಬ ಒಳ್ಳೆಯದು, ಯಾಕೆಂದರೆ ಆ ಜಾಗದಲ್ಲೇ ಫ್ಲ್ಯಾಶ್ ಬೆಳಕು ಒಳಗೆ ಹೋಗಬೇಕು. ಇನ್ನೊಂದು ಲಾಭ, ಅಪರ್ಚರ್, ಅಲುಗಾಟ ತಡೆಯುವ ಐಎಸ್ ಎಲ್ಲ ಎಂದಿನಂತೆ ಕೆಲಸ ಮಾಡುತ್ತವೆ.

ಚಿಟ್ಟೆ, ದೊಡ್ಡ ಏರೋಪ್ಲೇನ್ ಚಿಟ್ಟೆ ಮಾತ್ರ ಸಾಕು ಅನ್ನುವವರಿಗೆ ಅದೇ ಕಂಪನಿಯ ಡಿಸಿಆರ್-150 ಉಂಟು, 4.8 ಡಯಾಪ್ಟರ್, 20 ಸೆಂ.ಮೀ. ದೂರದಿಂದ ತೆಗೆಯಬಹುದು. ಜೇಡ, ಇರುವೆ ಅಂತ ನೀವು ಹೇಳಿದ್ದಕ್ಕೆ ಡಿಸಿಆರ್-250ನ್ನೇ ಹೇಳಿದೆ. ಚಗಳಿ ಗೂಡಿನ ಹತ್ತಿರ ಗೇರು ಮರದ ಎಲೆಗಳನ್ನು ನಿಧಾನಕ್ಕೆ ನೋಡಿ. ಚಗಳಿಯನ್ನೇ ಹೋಲುವ ಒಂದು ಜಿಗಿಯುವ ಜೇಡ ಉಂಟು, ಗಂಡು ಜೇಡವಂತೂ ಒಂದು ಇರುವೆ ಇನ್ನೊಂದನ್ನು ಕಚ್ಚಿಕೊಂಡು ಹೋದ ಹಾಗೆ ಕಾಣುತ್ತದೆ. ಕಾಲು ಎಣಿಸಿದರೆ ಎಂಟು! ಒಂದು ಸೆಂಟಿಮೀಟರ್ ಆಸುಪಾಸಿನ ಜೀವ ಅದು. ಅದರ ಕಣ್ಣು ಕಾಣುವ ಹಾಗೆ ತೆಗೆಯಬೇಕಾದರೆ 1:1 ಸಾಲದು.

ಆನ್‌ಲೈನಿನಲ್ಲಿ ಕೆಲವು ನೂರಕ್ಕೆ ಸಿಗುವ +1, +2, +4, +10 ಗಾಜುಗಳ ಸೆಟ್ ತಗೊಳ್ಳಬೇಡಿ. ಒಂದೇ ಗಾಜಿನವು, ಅಂಚೆಲ್ಲ ನೇರಳೆ ಬಣ್ಣ ಒಡೆಯುತ್ತದೆ. ರೇನಾಕ್ಸಿನಲ್ಲಿ ಮೂರು ಗಾಜು ಸೇರಿಸಿ ಅದನ್ನು ಸರಿಪಡಿಸಿದ್ದಾರೆ. ಝೂಮ್ ಲೆನ್ಸಿನ ಮೇಲೆ ಮ್ಯಾಕ್ರೋ ಅಂತ ಬರೆದದ್ದನ್ನೂ ನಂಬಬೇಡಿ, ಎಷ್ಟೋ ಸಲ ಅದು 1:4 ಇರುತ್ತದೆ, ಚೆನ್ನಾಗಿದ್ದರೆ 1:2. ಬರೆದ ಅಕ್ಷರ ಬಿಡಿ, ಅನುಪಾತ ನೋಡಿ.

ಕುಂಬಳೆಯಿಂದ:

ಪೆರ್ಲದವರು ಹೇಳಿದ್ದು ಸರಿ. ನಾನು ನಿಕಾನ್ ಬಳಸುವವಳು, ಹೂವೇ ಜಾಸ್ತಿ ತೆಗೆಯುವುದು, ಹಾಗಾಗಿ ಬೇರೆ ದಾರಿ ಹೇಳುತ್ತೇನೆ.

ನನ್ನಲ್ಲಿರುವುದು ನಿಕಾನ್ 40 ಎಂಎಂ ಮೈಕ್ರೋ. ನಿಕಾನಿನವರು ಮ್ಯಾಕ್ರೋಗೆ ಮೈಕ್ರೋ ಅನ್ನುತ್ತಾರೆ. 1:1 ಬರುತ್ತದೆ, ಹಗುರ, ಹೂವಿಗೆ ಬಹಳ ಚಂದ. ಆದರೆ 1:1ಕ್ಕೆ ಹೋಗಬೇಕಾದರೆ ಲೆನ್ಸಿನ ಮೂತಿ ಹೂವಿನಿಂದ ಮೂರು ನಾಲ್ಕು ಸೆಂ.ಮೀ. ದೂರಕ್ಕೆ ಬರಬೇಕು. ಹೂ ಓಡಿಹೋಗುವುದಿಲ್ಲ, ಜೇಡ ಓಡುತ್ತದೆ. ಲೆನ್ಸಿನ ನೆರಳೂ ಬೀಳುತ್ತದೆ. ಕಡಿಮೆ ಎಂಎಂನ ಮ್ಯಾಕ್ರೋ ಅಗ್ಗವಾಗಿ ಕಂಡರೆ ಈ ಅಂತರ ಎಷ್ಟು ಅಂತ ಮೊದಲು ಕೇಳಿ. ಕಂಪನಿಯವರು ಬರೆಯುವ ಕನಿಷ್ಠ ಫೋಕಸ್ ದೂರ ಸೆನ್ಸರ್‌ನಿಂದ ಅಳೆದದ್ದು, ಲೆನ್ಸಿನ ತುದಿಯಿಂದ ಅಲ್ಲ. ಈ 40 ಎಂಎಂಗೆ 16.3 ಸೆಂ.ಮೀ. ಅಂತ ಬರೆದಿರುತ್ತದೆ, ಅದರಲ್ಲಿ ಕ್ಯಾಮೆರಾ ಮತ್ತು ಲೆನ್ಸಿನ ಉದ್ದವೇ ಹೆಚ್ಚಿನ ಪಾಲು.

ಎಕ್ಸ್‌ಟೆನ್ಶನ್ ಟ್ಯೂಬ್ ಕೂಡ ಒಂದು ದಾರಿ. ಗಾಜೇ ಇಲ್ಲದ ಬರೀ ಉಂಗುರ, ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಹಾಕುವುದು. ಲೆಕ್ಕ ಸುಲಭ: ಟ್ಯೂಬಿನ ಉದ್ದವನ್ನು ಲೆನ್ಸಿನ ಎಂಎಂನಿಂದ ಭಾಗಿಸಿ, ಅಷ್ಟು ಹಿಗ್ಗುತ್ತದೆ. 50 ಎಂಎಂ ಲೆನ್ಸಿಗೆ 36 ಎಂಎಂ ಟ್ಯೂಬ್ ಹಾಕಿದರೆ 0.72 ಸಿಕ್ಕಿತು, ಲೆನ್ಸಿನದ್ದೇ ಸ್ವಲ್ಪ ಸೇರಿ 1:1ರ ಹತ್ತಿರ. ಅದೇ ಟ್ಯೂಬನ್ನು 250 ಎಂಎಂಗೆ ಹಾಕಿದರೆ ಏನೂ ಪ್ರಯೋಜನ ಇಲ್ಲ. ಹಾಗಾಗಿ 50 ಎಂಎಂ ಇದ್ದವರಿಗೆ ಮಾತ್ರ ಇದು ಒಳ್ಳೆಯದು. ಕ್ಯಾನನಿನವರು ವಿದ್ಯುತ್ ಸಂಪರ್ಕದ ಪಿನ್ ಇರುವ ಟ್ಯೂಬನ್ನೇ ತಗೊಳ್ಳಬೇಕು. ಪಿನ್ ಇಲ್ಲದ ಅಗ್ಗದ್ದು ಹಾಕಿದರೆ ಅಪರ್ಚರ್ ಪೂರ್ತಿ ತೆರೆದೇ ಉಳಿಯುತ್ತದೆ, ಎಫ್ 11 ಎಲ್ಲಿಂದ ಬರಬೇಕು?

ಲೆನ್ಸನ್ನೇ ತಿರುಗಿಸಿ ಹಾಕುವ ರಿವರ್ಸ್ ರಿಂಗ್ ಅಂತ ಒಂದು ಉಂಟು, ಎಲ್ಲಕ್ಕಿಂತ ಅಗ್ಗ. ನಿಮ್ಮ 18-55 ತಿರುಗಿಸಿ ಹಾಕಬಹುದು, ಆದರೆ ಅದಕ್ಕೂ ಅದೇ ಅಪರ್ಚರ್ ತೊಂದರೆ, ಜೊತೆಗೆ ಲೆನ್ಸಿನ ಹಿಂಭಾಗ ಮಳೆಗೆ, ಧೂಳಿಗೆ ತೆರೆದಿರುತ್ತದೆ. ನಮ್ಮ ಮಳೆಗಾಲಕ್ಕೆ ನಾನಂತೂ ಹೇಳುವುದಿಲ್ಲ.

ಮತ್ತೆ ಬದಿಯಡ್ಕದಿಂದ:

ಇಬ್ಬರಿಗೂ ಧನ್ಯವಾದ. ಎರಡು ಪ್ರಶ್ನೆ ಉಳಿಯಿತು. ಮಂಗಳೂರಿನಲ್ಲಿ ಒಬ್ಬರು ಟ್ಯಾಮ್ರಾನ್ 90 ಎಂಎಂ ಮ್ಯಾಕ್ರೋ ಹಳೆಯದು ಕೊಡುತ್ತೇನೆ ಅಂತಿದ್ದಾರೆ, ಬೆಲೆ ನನ್ನ ಲೆಕ್ಕದೊಳಗೇ ಉಂಟು. ಅದು ರೇನಾಕ್ಸಿಗಿಂತ ಒಳ್ಳೆಯದಾ? ಮತ್ತೆ ಫ್ಲ್ಯಾಶ್ ಯಾವುದು?

ಪೆರ್ಲದಿಂದ:

90 ಎಂಎಂ ಟ್ಯಾಮ್ರಾನ್ ಚೊಕ್ಕ ಲೆನ್ಸ್, ಸಂಶಯವೇ ಇಲ್ಲ. ಹೂ, ಮನುಷ್ಯರ ಮುಖ ಎಲ್ಲದಕ್ಕೂ ಆಗುತ್ತದೆ, ಸ್ಪಷ್ಟತೆ ರೇನಾಕ್ಸಿಗಿಂತ ಮೇಲೆಯೇ. ಫೋಕಸ್ ಮೋಟಾರ್ ನಿಧಾನ, ಸದ್ದೂ ಮಾಡುತ್ತದೆ, ಆದರೆ ಮ್ಯಾಕ್ರೋದಲ್ಲಿ ಅದನ್ನು ಆಫ್ ಮಾಡಿಯೇ ಇಡುವುದಲ್ವಾ. ಒಳ್ಳೆ ಸ್ಥಿತಿಯಲ್ಲಿದ್ದರೆ ಬಿಡಬೇಡಿ ಅನ್ನುತ್ತಿದ್ದೆ. ಆದರೆ ನಮ್ಮ ಕರಾವಳಿಯಲ್ಲಿ ಒಳ್ಳೆ ಸ್ಥಿತಿ ಅಂದರೆ ಮೊದಲು ಬೂಷ್ಟು ಇಲ್ಲದಿರುವುದು.

ಹೋಗುವಾಗ ಒಂದು ಟಾರ್ಚ್ ತಗೊಂಡು ಹೋಗಿ. ಎರಡೂ ಕಡೆ ಮುಚ್ಚಳ ತೆಗೆದು, ಹಿಂದಿನಿಂದ ಬೆಳಕು ಓರೆಯಾಗಿ ಬಿಟ್ಟು ಮುಂದಿನಿಂದ ನೋಡಿ, ಆಮೇಲೆ ತಿರುಗಿಸಿ ನೋಡಿ. ನಾಲ್ಕು ಧೂಳಿನ ಕಣ ಕಂಡರೆ ಚಿಂತೆ ಬೇಡ, ಫೋಟೋದಲ್ಲಿ ಗೊತ್ತಾಗುವುದಿಲ್ಲ. ಜೇಡರ ಬಲೆಯ ಎಳೆಯಂತೆ ಕವಲೊಡೆದ ಗೆರೆ ಕಂಡರೆ ಅದು ಬೂಷ್ಟು. ಅಂಚಿನಲ್ಲಿ ಸ್ವಲ್ಪವೇ ಇದೆ, ಕ್ಲೀನ್ ಮಾಡಿಸಬಹುದು ಅಂತ ಮಾರುವವರು ಹೇಳಿದರೂ ಬಿಟ್ಟು ಬನ್ನಿ. ಗಾಜಿನ ಲೇಪನವನ್ನೇ ಅದು ತಿಂದಿದ್ದರೆ ಒರೆಸಿದರೂ ಗುರುತು ಹೋಗುವುದಿಲ್ಲ. ಗಾಜು ಮಂಜು ಕವಿದ ಹಾಗಿದ್ದರೂ ಬೇಡ. ಲೆನ್ಸನ್ನು ನಿಮ್ಮ ಕ್ಯಾಮೆರಾಕ್ಕೇ ಹಾಕಿ, ಎಫ್ 16 ಇಟ್ಟು ಒಂದು ಫೋಟೋ ತೆಗೆದು ನೋಡಿ, ಅಪರ್ಚರ್ ಸಿಕ್ಕಿಬಿದ್ದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಯಾವುದೇ ತಗೊಳ್ಳಿ, ಮನೆಯಲ್ಲಿ ಇಡುವ ವ್ಯವಸ್ಥೆ ಮೊದಲೇ ಮಾಡಿ. ದುಬಾರಿ ಡ್ರೈ ಕ್ಯಾಬಿನೆಟ್ ಬೇಡ. ರಬ್ಬರ್ ಅಂಚಿನ, ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಒಳಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶ ಮಾಪಕ. ತೇವಾಂಶ 40ರಿಂದ 50 ಶೇಕಡಾ ಇದ್ದರೆ ನೆಮ್ಮದಿ. ನೀಲಿ ಜೆಲ್ ಗುಲಾಬಿಯಾದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿ, ಅಡುಗೆಗೆ ಬಳಸದ ಬಾಣಲೆ ಆಗಬೇಕು, ಮತ್ತೆ ನೀಲಿಯಾಗುತ್ತದೆ. ಲೆನ್ಸ್ ಜೊತೆ ಬರುವ ಚರ್ಮದ ಚೀಲದಲ್ಲಿ, ಬಟ್ಟೆ ಕಪಾಟಿನಲ್ಲಿ ಇಡಲೇಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಮನೆ ಗೋಡೆಯೇ ಬೆವರುತ್ತದೆ, ಗಾಜು ಉಳಿದೀತೇ?

ಈಗ ನನ್ನ ತೀರ್ಮಾನ ಕೇಳಿದರೆ, ಟ್ಯಾಮ್ರಾನಿಗೆ ಎಲ್ಲ ದುಡ್ಡು ಹೋಗಿ ಫ್ಲ್ಯಾಶಿಗೆ ಏನೂ ಉಳಿಯುವುದಿಲ್ಲ ಅಂತಾದರೆ ಬೇಡ. ರೇನಾಕ್ಸ್, ಫ್ಲ್ಯಾಶ್, ಡಬ್ಬಿ ಮೂರೂ ಸೇರಿ ಮೊದಲು ಶುರು ಮಾಡಿ.

ಮುಳ್ಳೇರಿಯದಿಂದ:

ಫ್ಲ್ಯಾಶ್ ವಿಚಾರ ನಾನು ಹೇಳುತ್ತೇನೆ, ಯಾಕೆಂದರೆ 1500ಡಿಯಲ್ಲಿ ಒಂದು ಸಿಕ್ಕು ಉಂಟು. ಫ್ಲ್ಯಾಶ್ ಕೂರಿಸುವ ಜಾಗ ನೋಡಿ, ಬೇರೆ ಕ್ಯಾಮೆರಾಗಳಲ್ಲಿ ನಡುವೆ ಒಂದು ದೊಡ್ಡ ಪಿನ್ ಇರುತ್ತದೆ, ಈ ಮಾದರಿಯಲ್ಲಿ ಅದನ್ನು ಕ್ಯಾನನಿನವರು ತೆಗೆದಿದ್ದಾರೆ. ಆ ಒಂದೇ ಪಿನ್ ನಂಬಿಕೊಂಡು ಕೆಲಸ ಮಾಡುವ ಅಗ್ಗದ ಮ್ಯಾನುವಲ್ ಫ್ಲ್ಯಾಶ್, ದೂರದಿಂದ ಫ್ಲ್ಯಾಶ್ ಉರಿಸುವ ಟ್ರಿಗರ್ ಯಾವುದೂ ಇದರಲ್ಲಿ ಉರಿಯುವುದಿಲ್ಲ. ಹಾಗಾಗಿ ಕ್ಯಾನನಿಗೆ ಅಂತಲೇ ಮಾಡಿದ ಟಿಟಿಎಲ್ ಫ್ಲ್ಯಾಶ್ (ಎಷ್ಟು ಬೆಳಕು ಬೇಕು ಅಂತ ಕ್ಯಾಮೆರಾವೇ ಅಳೆದು ಹೇಳುವಂಥದ್ದು) ನೋಡಿ. ಅದನ್ನೂ ಬಾಯಿಮಾತಿಗೆ ತಗೊಳ್ಳಬೇಡಿ, ಅಂಗಡಿಗೆ ಕ್ಯಾಮೆರಾ ಹಿಡಿದುಕೊಂಡು ಹೋಗಿ, ಹಾಕಿ ಉರಿಸಿ ನೋಡಿಯೇ ದುಡ್ಡು ಕೊಡಿ.

ಅದು ಬರುವ ತನಕ ಕ್ಯಾಮೆರಾದೊಳಗಿನ ಫ್ಲ್ಯಾಶಲ್ಲೇ ಕಲಿಯಬಹುದು. ಟಿವಿ, ಮಿಕ್ಸಿ ಸುತ್ತಿ ಬರುವ ತೆಳು ಬಿಳಿ ಫೋಮ್ ಹಾಳೆ ಇರುತ್ತದಲ್ಲ, ಅದನ್ನು ಲೆನ್ಸಿನ ತುದಿಯಲ್ಲಿ ತೂತು ಮಾಡಿ ಸಿಕ್ಕಿಸಿ ಮೇಲೆ ಬಗ್ಗಿಸಿ ಕಟ್ಟಿ. ಬೆಳಕು ಅದರ ಮೂಲಕ ಹಾದು ಹುಳದ ಮೇಲೆ ಮೃದುವಾಗಿ ಬೀಳಬೇಕು. ಹಾಳೆ ಇಲ್ಲದೆ ಹೊಡೆದರೆ ಜೀರುಂಡೆ ಬೆನ್ನ ಮೇಲೆ ಬರೀ ಬಿಳಿ ಚುಕ್ಕೆ. ಹಾಳೆ ಹುಳಕ್ಕೆ ಎಷ್ಟು ಹತ್ತಿರವೋ ಬೆಳಕು ಅಷ್ಟು ಚಂದ. ಮೋಡ್ ಎಂ, ಶಟರ್ 1/200, ಎಫ್ 11, ಐಎಸ್‌ಒ 400ರಿಂದ ಶುರು ಮಾಡಿ. ಫೋಕಸ್ ಮ್ಯಾನುವಲ್ ಇಟ್ಟು, ರಿಂಗ್ ತಿರುಗಿಸದೆ, ಮೈಯನ್ನೇ ನಿಧಾನ ಹಿಂದೆ ಮುಂದೆ ಮಾಡಿ ಕಣ್ಣು ಸ್ಪಷ್ಟವಾದ ಕ್ಷಣ ಕ್ಲಿಕ್ ಮಾಡಿ. ಎಡಗೈಯಲ್ಲಿ ಗಿಡದ ಕಡ್ಡಿ ಹಿಡಿದು, ಅದೇ ಕೈ ಮೇಲೆ ಲೆನ್ಸ್ ಊರಿದರೆ ಗಾಳಿ ಬಂದರೂ ಎರಡೂ ಒಟ್ಟಿಗೆ ಅಲ್ಲಾಡುತ್ತವೆ.

ನಾನು ಕೃಷಿ ಕೆಲಸಕ್ಕೂ ಇದನ್ನೇ ಬಳಸುವುದು. ಅಡಿಕೆ ಸುಳಿಯೊಳಗಿನ ತಿಗಣೆ, ತೆಂಗಿನ ಗರಿಯಡಿಯ ಬಿಳಿನೊಣ, ಇವೆಲ್ಲ ಫೋಟೋದಲ್ಲಿ ಚೆನ್ನಾಗಿ ಗುರುತು ಸಿಗುತ್ತವೆ, ಯಾರಿಗಾದರೂ ಕಳಿಸಿ ಕೇಳುವುದು ಸುಲಭ. ತೆಂಗಿನ ಕಾಯಿಯ ನುಸಿ ಮಾತ್ರ ಇದಕ್ಕೆ ಸಿಗುವುದಿಲ್ಲ, ಅದು ಮಿಲಿಮೀಟರಿನ ಐದನೇ ಒಂದು ಪಾಲಿನಷ್ಟು, ಅದಕ್ಕೆ ಸೂಕ್ಷ್ಮದರ್ಶಕವೇ ಆಗಬೇಕು.

ಕುಂಬಳೆಯಿಂದ:

ಪದವಿನ ಹೂವಿನ ಬಗ್ಗೆ ಯಾರೂ ಹೇಳಲಿಲ್ಲ, ಹಾಗಾಗಿ ಇನ್ನೊಮ್ಮೆ ಬಂದೆ. ಸೀತಾಂಗೋಳಿ, ಅನಂತಪುರದ ಕಡೆಯಂಥ ಮುರಕಲ್ಲಿನ ಪದವುಗಳಲ್ಲಿ ಓಣಂ ಸಮಯಕ್ಕೆ ಯುಟ್ರಿಕ್ಯುಲೇರಿಯಾ ಅನ್ನುವ ಸಣ್ಣ ನೀಲಿ ಹೂ ಹಾಸಿರುತ್ತದೆ, ಹುಳ ಹಿಡಿಯುವ ಡ್ರೊಸೆರಾ ಗಿಡ ಕೂಡ ನೀರು ಒಸರುವಲ್ಲಿ ಸಿಗುತ್ತದೆ. ಅಲ್ಲಿ ಬಯಲು, ಫ್ಲ್ಯಾಶ್ ಅಷ್ಟು ಬೇಡ, ಮೋಡ ಮುಸುಕಿದ ದಿನ ಒಳ್ಳೆಯದು. ರೇನಾಕ್ಸ್ ಇಲ್ಲದೆ ಬರೀ 55-250ರಲ್ಲೂ ಹೂವಿನ ಹಾಸು ಚೆನ್ನಾಗಿ ಬರುತ್ತದೆ, ಡ್ರೊಸೆರಾದ ಅಂಟು ಹನಿಗೆ ರೇನಾಕ್ಸ್ ಬೇಕು. ಮಲಗಿಯೇ ತೆಗೆಯಬೇಕು, ಒಂದು ಪ್ಲಾಸ್ಟಿಕ್ ಹಾಳೆ ಹಿಡಿದುಕೊಳ್ಳಿ. ಹಾಸುವ ಮೊದಲು ಕೆಳಗೆ ಏನಿದೆ ನೋಡಿ, ಗಿಡಗಳು ಎರಡು ಮೂರು ಇಂಚಿನವು, ಬರಿಯ ಕಲ್ಲಿನ ಮೇಲೆ ಹಾಸಿ ಮಲಗಿ. ಚಂದದ ಫೋಟೋ ಬೇಕು ಅಂತ ಕೀಳುವುದು, ಪಕ್ಕದ ಗಿಡ ತುಳಿದು ಜಾಗ ಮಾಡಿಕೊಳ್ಳುವುದು ಬೇಡ. ಇರುವ ಪದವುಗಳೇ ಕಲ್ಲು ಕೋರೆಗೆ ಹೋಗುತ್ತಿವೆ.

ಹೋಗುವುದಾದರೆ ಬೆಳಿಗ್ಗೆ ಏಳರೊಳಗೆ ಹೋಗಿ, ಹೊತ್ತು ಏರಿದ ಮೇಲೆ ಗಾಳಿ ನಿಲ್ಲುವುದಿಲ್ಲ.